ಕ್ಯಾಸರೋಲ್‌ನಲ್ಲಿ ಕಲ್ಲಾಗದ ಬಿಸಿಬೇಳೆಬಾತ್: ಪುಡಿಯಿಂದ ಡಬ್ಬಿಯವರೆಗೆ

"ಚಿಕ್ಕಮ್ಮ, ಪುಡಿ ನೀವು ಹೇಳಿದ ಹಾಗೇ ಮಾಡಿದೆ. ಆದರೂ ಅಜ್ಜಿ ಮನೆಯದ್ದು ಬರಲಿಲ್ಲ." ನಮ್ಮ ಮನೆಯ ಹುಡುಗ ಹುಡುಗಿಯರಿಂದ ಈ ಫೋನು ನನಗೆ ಲೆಕ್ಕವಿಲ್ಲದಷ್ಟು ಸಲ ಬಂದಿದೆ. ಒಬ್ಬಳದ್ದು ಕಹಿಯಾಗಿರುತ್ತದೆ, ಇನ್ನೊಬ್ಬನದ್ದು ಬೇಳೆ ಬೆಂದಿರುವುದಿಲ್ಲ. ಮಿಕ್ಕವರದ್ದೆಲ್ಲ ಒಂದೇ ದೂರು: ಒಲೆ ಮೇಲಿದ್ದಾಗ ಚೆನ್ನಾಗಿತ್ತು, ಬಡಿಸುವ ಹೊತ್ತಿಗೆ ಕಲ್ಲಾಯಿತು.

ಈ ಕಲ್ಲನ್ನು ನಾನು ಚಿಕ್ಕಂದಿನಲ್ಲೇ ನೋಡಿದ್ದೇನೆ. ನಾವು ಮೈಸೂರಿನಿಂದ ಶಿವಮೊಗ್ಗಕ್ಕೆ ರೈಲಿನಲ್ಲಿ ಹೋಗುವಾಗ ಅಮ್ಮ ದೊಡ್ಡ ಕ್ಯಾಸರೋಲ್ ತುಂಬ ಬಿಸಿಬೇಳೆಬಾತ್ ತಂದಿದ್ದರು. ನಮ್ಮ ಮನೆಗಳಲ್ಲಿ ಕ್ಯಾಸರೋಲ್ ಅಂದರೆ ಬಿಸಿ ಹಿಡಿದಿಡುವ ಡಬ್ಬಿ ತಾನೆ, ಹಾಟ್‌ಬಾಕ್ಸ್. ಅರಸೀಕೆರೆ ದಾಟಿದ ಮೇಲೆ ಮುಚ್ಚಳ ತೆಗೆದರೆ ಸೌಟೇ ಇಳಿಯಲಿಲ್ಲ. ಅಪ್ಪ ಚಮಚದ ಹಿಡಿಯಿಂದ ಬರ್ಫಿಯ ಹಾಗೆ ಕತ್ತರಿಸಿ ಕೊಟ್ಟರು. ಅಜ್ಜಿ ಕೊಳದಪ್ಪಲೆಯಲ್ಲಿ, ಅಂದರೆ ದೊಡ್ಡ ಹಿತ್ತಾಳೆ ಪಾತ್ರೆಯಲ್ಲಿ, ಮಾಡಿದ್ದಾದರೋ ಮಧ್ಯಾಹ್ನ ಮೂರಕ್ಕೆ ಬಡಿಸಿದರೂ ತಟ್ಟೆಯಲ್ಲಿ ಹರಿಯುತ್ತಿತ್ತು. ಪುಡಿ ಇಬ್ಬರದ್ದೂ ಒಂದೇ ಡಬ್ಬಿಯದು.

ಹಾಗಾಗಿ ಪುಡಿಯ ಗುಟ್ಟು ಕೇಳಬೇಡಿ. ಪುಡಿ ಕೊಡುತ್ತೇನೆ, ಆದರೆ ಎಡವುವುದು ಅಲ್ಲಿ ಕಡಿಮೆ. ಯಾವುದರ ಮೇಲೆ ಯಾವುದು ಬೀಳಬೇಕು, ನೀರು ಎಷ್ಟಿರಬೇಕು ಎಂಬ ಎರಡರಲ್ಲೇ ಹೆಚ್ಚಿನವರ ಬಾತ್ ಕೆಡುತ್ತದೆ.

ಒಲೆ ಹಚ್ಚುವ ಮುನ್ನ: ಅಳತೆ, ಪಾತ್ರೆ

ಇಲ್ಲಿನ ಲೆಕ್ಕ ನಾಲ್ಕು ಜನಕ್ಕೆ. ಲೋಟ ಅಂದರೆ 200 ಮಿ.ಲೀ. ಹಿಡಿಯುವ ಲೋಟ. ಯಾವುದನ್ನು ತಗೊಂಡರೂ ಸರಿ, ಕೊನೆಯವರೆಗೆ ಅದೇ ಲೋಟ ಇರಲಿ.

ಸೋನಾ ಮಸೂರಿ ಅಕ್ಕಿ 1 ಲೋಟ, ತೊಗರಿಬೇಳೆ ಮುಕ್ಕಾಲು ಲೋಟ. ದೊಡ್ಡ ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು. ಹೆಚ್ಚಿದ ತರಕಾರಿ ಎರಡು ಲೋಟ, ನೆನೆಸಿದ ಕಡಲೆಬೀಜ ಒಂದು ಹಿಡಿ. ಚೂರು ಬೆಲ್ಲ, ಅರಿಸಿನ, ಉಪ್ಪು. ತುಪ್ಪ ಕಡೇ ಪಕ್ಷ ನಾಲ್ಕು ದೊಡ್ಡ ಚಮಚ. ನೀರು ಎಲ್ಲ ಸೇರಿ ಒಂಬತ್ತು ಲೋಟದ ಆಸುಪಾಸು. ಈ ಒಂಬತ್ತನ್ನು ಕೇಳಿ ಬೆಚ್ಚಿ ಆರಕ್ಕೆ ಇಳಿಸುವವರೇ ಆಮೇಲೆ ನನಗೆ ಫೋನು ಮಾಡುವವರು.

ಕುಕ್ಕರ್ ಬೇಕು, ಒಳಗೆ ಕೂರುವ ಎರಡು ಪಾತ್ರೆ ಬೇಕು. ಎಲ್ಲ ಕೂಡಿಸುವುದಕ್ಕೆ ದಪ್ಪ ತಳದ, ಐದು ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆ ಬೇಕು. ಬರುವ ಬಾತ್ ಮೂರು ಲೀಟರಷ್ಟೇ ಇದ್ದರೂ ಮಗುಚುವುದಕ್ಕೆ ಜಾಗ ಬೇಡವೇ? ಅಜ್ಜಿಯ ಹಿತ್ತಾಳೆ ಪಾತ್ರೆ ಅಟ್ಟದ ಮೇಲಿದ್ದರೆ ಇಳಿಸಿ, ಆದರೆ ಒಳಗೆ ಕಲಾಯಿ ಇದೆಯೇ ನೋಡಿ. ಬಿಳಿ ಹೊಳಪು ಹೋಗಿ ಹಳದಿ ತಳ ಕಾಣಿಸುತ್ತಿದ್ದರೆ ಹುಣಸೆ ಹುಳಿ ಅದರಲ್ಲಿ ಕುದಿಯಬಾರದು, ತಾಮ್ರದ ಅಂಶ ಅಡುಗೆಗೆ ಇಳಿಯುತ್ತದೆ. ಬರೀ ಅಲ್ಯೂಮಿನಿಯಂ ಪಾತ್ರೆಯೂ ಹುಳಿಗೆ ಬೇಡ.

1. ಪುಡಿ: ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ

ಇದು ಮೂರು ಸಲಕ್ಕೆ ಆಗುವಷ್ಟು. ಬ್ಯಾಡಗಿ ಮೆಣಸಿನಕಾಯಿ 12, ಗುಂಟೂರು 4. ಕೊತ್ತಂಬರಿ ಬೀಜ 4 ದೊಡ್ಡ ಚಮಚ, ಕಡಲೆಬೇಳೆ 2 ದೊಡ್ಡ ಚಮಚ, ಉದ್ದಿನಬೇಳೆ 1 ದೊಡ್ಡ ಚಮಚ. ಜೀರಿಗೆ 1 ಟೀ ಚಮಚ, ಕಾಳುಮೆಣಸು ಮತ್ತು ಮೆಂತ್ಯ ತಲಾ ಅರ್ಧ ಟೀ ಚಮಚ, ಗಸಗಸೆ 2 ಟೀ ಚಮಚ. ಬೆರಳ ಗಾತ್ರದ ಚಕ್ಕೆ 2, ಲವಂಗ 5, ಏಲಕ್ಕಿ 1, ಮರಾಠಿ ಮೊಗ್ಗು 2. ತುರಿದ ಒಣಕೊಬ್ಬರಿ ಅರ್ಧ ಲೋಟ, ಒಂದು ಹಿಡಿ ಕರಿಬೇವು, ಇಂಗು.

ಬಣ್ಣ ಬರುವುದು ಬ್ಯಾಡಗಿಯಿಂದ, ಖಾರ ಗುಂಟೂರಿನಿಂದ. ಖಾರ ಕಡಿಮೆ ಬೇಕೆಂದು ಬ್ಯಾಡಗಿಯನ್ನು ಇಳಿಸಿದರೆ ಬಾತ್ ಮಂಕಾಗುತ್ತದೆ, ಇಳಿಸುವುದಾದರೆ ಗುಂಟೂರನ್ನು ಇಳಿಸಿ. ಮರಾಠಿ ಮೊಗ್ಗು ಎರಡರ ಮೇಲೆ ಹೋದರೆ ಕಷಾಯ ಕುಡಿದ ಹಾಗಾಗುತ್ತದೆ.

ಬಾಣಲೆ ಸಣ್ಣ ಉರಿಯಲ್ಲಿರಲಿ. ಮೊದಲು ಬೇಳೆಗಳು, ಅವು ಹೊಂಬಣ್ಣಕ್ಕೆ ತಿರುಗಬೇಕು. ಆಮೇಲೆ ಕೊತ್ತಂಬರಿ ಬೀಜ, ಘಮ ಬಂದ ತಕ್ಷಣ ತೆಗೆಯಿರಿ. ಮೆಂತ್ಯ ಒಂಟಿಯಾಗಿ. ಅದು ಕೆಂಪಾದರೆ ಸಾಕು. ಕಂದು ದಾಟಿ ಕಪ್ಪಿಗೆ ಹೊರಟರೆ ಅಷ್ಟನ್ನೂ ಚೆಲ್ಲಿ ಬೇರೆ ಅರ್ಧ ಚಮಚ ಹುರಿಯಿರಿ. ಕಹಿ ಬಾತ್‌ನ ದೂರು ಬಂದಾಗ ನಾನು ಮೊದಲು ಕೇಳುವುದೇ ಮೆಂತ್ಯದ ಬಣ್ಣ. ಮಸಾಲೆ ಸಾಮಾನು, ಜೀರಿಗೆ, ಮೆಣಸು ಬರೀ ಬೆಚ್ಚಗಾದರೆ ಆಯಿತು. ಮೆಣಸಿನಕಾಯಿಗೂ ಕರಿಬೇವಿಗೂ ನಾಲ್ಕು ಹನಿ ಎಣ್ಣೆ ಹಾಕಿ ಗರಿಗರಿ ಮಾಡಿ. ಒಲೆ ಆರಿಸಿದ ಮೇಲೆ ಆ ಬಿಸಿ ಬಾಣಲೆಗೆ ಗಸಗಸೆ, ಕೊಬ್ಬರಿ ಹಾಕಿ ಕೈಯಾಡಿಸಿ.

ಪೂರ್ತಿ ಆರಿದ ಮೇಲೆಯೇ ಮಿಕ್ಸಿಗೆ. ಬಿಸಿಯಲ್ಲಿ ಪುಡಿ ಮಾಡಿದರೆ ಮುಚ್ಚಳದಲ್ಲಿ ಬೆವರಿಳಿದು ಪುಡಿ ಉಂಡೆ ಕಟ್ಟುತ್ತದೆ. ತೀರ ನುಣ್ಣಗೆ ಬೇಡ, ಸಣ್ಣ ರವೆಯ ಹಾಗೆ ತರಿಯಿರಲಿ. ಕೊಬ್ಬರಿ ಇರುವುದರಿಂದ ಹೊರಗಿಟ್ಟರೆ ಬೇಗ ಕಮಟು ಹಿಡಿಯುತ್ತದೆ, ಫ್ರಿಜ್ಜಿನಲ್ಲಿಡಿ.

2. ಬೇಳೆ: ಕರಗುವ ತನಕ ಹುಳಿಯ ಮುಖ ನೋಡಬಾರದು

"ಬೇಳೆ ಕರಗೋ ತನಕ ಅದು ಹುಣಸೆಹಣ್ಣಿನ ಮುಖ ನೋಡಬಾರದು ಕಣೆ" ಅನ್ನುತ್ತಿದ್ದರು ಅಜ್ಜಿ. ನಾವು ಅದನ್ನು ಮಡಿ ಮೈಲಿಗೆಯಂಥ ಯಾವುದೋ ಶಾಸ್ತ್ರ ಅಂದುಕೊಂಡಿದ್ದೆವು. ಕಾರಣ ಇದೆ. ಬೇಳೆಯ ಗೋಡೆಗಳನ್ನು ಹಿಡಿದಿರುವುದು ಪೆಕ್ಟಿನ್ ಎಂಬ ಅಂಟು. ಬರೀ ನೀರಿನಲ್ಲಿ ಬೇಯುವಾಗ ಅದು ಸಡಿಲವಾಗುತ್ತದೆ, ಹುಳಿ ಸೇರಿದರೆ ಸಡಿಲವಾಗುವುದು ತೀರ ನಿಧಾನ. ಅರ್ಧ ಬೆಂದ ಬೇಳೆಗೆ ಹುಣಸೆರಸ ಹುಯ್ದರೆ ಆಮೇಲೆ ಎಷ್ಟು ಕುದಿಸಿದರೂ ಬೇಳೆ ಹಲ್ಲಿಗೆ ಸಿಗುತ್ತಲೇ ಇರುತ್ತದೆ.

ಬೇಳೆಯನ್ನು ತೊಳೆದು ಅರ್ಧ ಗಂಟೆ ನೆನೆಸಿ. ಎರಡೂವರೆ ಲೋಟ ನೀರು, ಚಿಟಿಕೆ ಅರಿಸಿನ, ಒಂದು ಚಮಚ ಎಣ್ಣೆ, ಕಡಲೆಬೀಜ ಹಾಕಿ ಕುಕ್ಕರ್‌ನ ಕೆಳಗಿನ ಪಾತ್ರೆಯಲ್ಲಿಡಿ. ಐದು ವಿಷಲ್ ಕೂಗಿಸಿ, ಒತ್ತಡ ತಾನಾಗಿ ಇಳಿಯಲಿ.

ತೆಗೆದ ಮೇಲೆ ಎರಡು ಬೆರಳಲ್ಲಿ ಒಂದು ಬೇಳೆ ಹಿಡಿದು ಉಜ್ಜಿ. ಬೆಣ್ಣೆಯ ಹಾಗೆ ಸವರಿಕೊಂಡು ಹೋಗಬೇಕು. ನಡುವೆ ಬಿಳಿ ಚುಕ್ಕೆ ಸಿಕ್ಕರೆ ಅಥವಾ ನೀರು ಮೇಲೆ, ಬೇಳೆ ತಳದಲ್ಲಿ ಅಂತ ಬೇರೆಯಾಗಿ ನಿಂತಿದ್ದರೆ ಇನ್ನೂ ಮೂರು ಕೂಗು ಬೇಕು. ಇಲ್ಲಿ "ಆಮೇಲೆ ಕುದಿಯುವಾಗ ಬೇಯುತ್ತೆ ಬಿಡು" ಅಂದುಕೊಂಡು ಮುಂದೆ ಹೋದರೆ ಆ ದಿನದ ಬಾತ್ ಕೆಟ್ಟಿತೆಂದೇ ಲೆಕ್ಕ.

ಎಷ್ಟು ಕೂಗಿಸಿದರೂ ಬೇಯದಿದ್ದರೆ ಬೇಳೆ ಹಳೆಯದಿರಬಹುದು, ಇಲ್ಲವೇ ನೀರು ಗಡುಸಿರಬಹುದು. ಬೆಂಗಳೂರಿನ ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ದಿನದ ಪಾಡು; ನೀರಿನ ಕ್ಯಾಲ್ಸಿಯಂ ಅದೇ ಪೆಕ್ಟಿನ್ ಅನ್ನು ಗಟ್ಟಿ ಮಾಡಿಬಿಡುತ್ತದೆ. ಬೇಳೆಗೆ ಮಾತ್ರ ಆರ್‌ಒ ಫಿಲ್ಟರ್‌ನ ನೀರು ಹಾಕಿ ನೋಡಿ.

3. ಅನ್ನ: ದಿನದ ಅನ್ನಕ್ಕಿಂತ ಮೆತ್ತಗೆ

ಅದೇ ಕುಕ್ಕರ್‌ನ ಮೇಲಿನ ಪಾತ್ರೆಯಲ್ಲಿ ಅಕ್ಕಿಗೆ ಮೂರು ಲೋಟ ನೀರು. ಹಳೇ ಅಕ್ಕಿಯಾದರೆ ಇನ್ನರ್ಧ ಲೋಟ. ಅಗುಳು ಉದುರುದುರಾಗಿ ಬಂದರೆ ಖುಷಿಪಡಬೇಡಿ, ಸೌಟಿನ ಬೆನ್ನಿನಿಂದ ಒತ್ತಿದರೆ ಅದು ಮುದ್ದೆಯಾಗಬೇಕು. ಬಿಸಿಯಿರುವಾಗಲೇ ಅರ್ಧದಷ್ಟನ್ನು ಒತ್ತಿ ಮಸೆದಿಡಿ, ಮಿಕ್ಕರ್ಧ ಹಾಗೇ ಇರಲಿ.

ಬಾಸುಮತಿ ಬೇಡ. ಅದರ ಅಗುಳು ಒಂದನ್ನೊಂದು ಅಂಟದೆ ನಿಲ್ಲುವ ಜಾತಿಯದು, ಆರಿದರೆ ಇನ್ನೂ ಬಿರುಸಾಗುತ್ತದೆ. ರಾತ್ರಿ ಮಿಕ್ಕ ತಣ್ಣನೆ ಅನ್ನವೂ ಬೇಡ. ಅದು ಹುಳಿಯಲ್ಲಿ ಗಂಟುಗಂಟಾಗಿ ತೇಲುತ್ತದೆ.

4. ತರಕಾರಿ ಮತ್ತು ಹುಳಿ

ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ಬಟಾಣಿ, ಒಂದು ಆಲೂಗಡ್ಡೆ. ಚಳಿಗಾಲದಲ್ಲಿ ಅವರೆಕಾಳು ಸಿಕ್ಕರೆ ಬಟಾಣಿ ಕೇಳುವವರು ಯಾರು? ಎಲೆಕೋಸು ಹಾಕಬೇಡಿ, ಪುಡಿಯ ಘಮವನ್ನೆಲ್ಲ ಅದರ ವಾಸನೆ ನುಂಗುತ್ತದೆ. ದಪ್ಪ ಮೆಣಸಿನಕಾಯಿ ಹಾಕುವುದಾದರೆ ಕೊನೆಯ ಐದು ನಿಮಿಷಕ್ಕೆ. ಅಜ್ಜಿ ಮನೆಯಲ್ಲಿ ಇದಕ್ಕೆ ಈರುಳ್ಳಿ ಇರಲಿಲ್ಲ. ನಾನು ಹತ್ತು ಸಾಂಬಾರ್ ಈರುಳ್ಳಿ ಹಾಕುತ್ತೇನೆ, ಅದರಿಂದ ಅಜ್ಜಿಯ ರುಚಿ ಕೆಟ್ಟಿತೆಂದು ನನಗೆ ಅನ್ನಿಸಿಲ್ಲ.

ದೊಡ್ಡ ಪಾತ್ರೆಯಲ್ಲಿ ಒಂದು ಚಮಚ ತುಪ್ಪಕ್ಕೆ ಈರುಳ್ಳಿ ಬಾಡಿಸಿ, ತರಕಾರಿ, ಉಪ್ಪು, ಒಂದೂವರೆ ಲೋಟ ನೀರು ಹಾಕಿ ಮುಚ್ಚಿ ಬೇಯಿಸಿ. ತರಕಾರಿ ಮುಕ್ಕಾಲು ಬೆಂದ ಮೇಲೆ ಹುಣಸೆರಸ. ಹುಣಸೆಹಣ್ಣನ್ನು ಒಂದು ಲೋಟ ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿಟ್ಟಿರಬೇಕು. ತರಕಾರಿಗೂ ಬೇಳೆಯದ್ದೇ ನ್ಯಾಯ, ಮೊದಲೇ ಹುಳಿ ಬಿದ್ದರೆ ಬೀನ್ಸು ಬೇಯದು.

ಹುಣಸೆರಸ ಏಳೆಂಟು ನಿಮಿಷ ಒಂದೇ ಸಮ ಕುದಿಯಲಿ. ಬಗ್ಗಿ ಮೂಸಿ: ಮೂಗಿಗೆ ಚುರುಕ್ಕೆನ್ನುವ ಹಸಿ ವಾಸನೆ ಇದ್ದರೆ ಇನ್ನೂ ಕಾಯಿರಿ. ಆಮೇಲೆ ಬೆಲ್ಲ. ನಾಲ್ಕು ದೊಡ್ಡ ಚಮಚ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಹುಯ್ಯಿರಿ. ಒಣಪುಡಿಯನ್ನು ಕುದಿಗೆ ನೇರ ಸುರಿದರೆ ಒಳಗೆ ಹಸಿಪುಡಿ ಇರುವ ಗಂಟುಗಳು ಕಡೆಯವರೆಗೂ ಉಳಿಯುತ್ತವೆ. ಐದು ನಿಮಿಷ ಕುದಿದು ಅಂಚಿನಲ್ಲಿ ಕೆಂಪು ಎಣ್ಣೆ ಕಾಣಿಸಿದರೆ ಪುಡಿ ಬೆಂದಿದೆ. ಈ ಘಟ್ಟದಲ್ಲಿ ರುಚಿ ನೋಡಿ. ಉಪ್ಪು, ಹುಳಿ, ಖಾರ ಮೂರೂ ತುಸು ಜೋರಾಗಿರಬೇಕು, ಅನ್ನ ಬೇಳೆ ಬಿದ್ದಾಗ ಸಮಕ್ಕೆ ಬರುತ್ತದೆ.

5. ಕೂಡಿಸುವುದು: ಇಲ್ಲೇ ಎಲ್ಲರೂ ಎಡವುವುದು

ಮೊದಲು ಬೇಳೆ, ಆಮೇಲೆ ಅನ್ನ. ತಿರುಗುಮುರುಗು ಮಾಡಿದರೆ ಅನ್ನ ಹುಳಿಯನ್ನೆಲ್ಲ ಹೀರಿಕೊಂಡು, ಬೇಳೆ ಮೇಲುಮೇಲಕ್ಕೆ ನಿಲ್ಲುತ್ತದೆ. ಕುದಿಯುವ ಹುಳಿಗೆ ಬೇಳೆಯನ್ನು ಕಡೆದು ಹಾಕಿ, ಒಂದು ಕುದಿ ಬರಲಿ. ಅನ್ನ ಸೇರಿಸಿ, ಒಂದು ಲೋಟ ಕುದಿಯುವ ನೀರು ಹುಯ್ದು, ಉರಿ ಸಣ್ಣಗೆ ಮಾಡಿ. ಹತ್ತು ಹನ್ನೆರಡು ನಿಮಿಷ, ತಳ ಮುಟ್ಟಿ ಮಗುಚುತ್ತಾ ಇರಿ. ಗಟ್ಟಿ ಪದಾರ್ಥ ಕುದಿಯುವಾಗ ಗುಳ್ಳೆ ಒಡೆದು ಕೈಗೆ ಸಿಡಿಯುತ್ತದೆ, ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ. ಮಕ್ಕಳು ಪಕ್ಕದಲ್ಲಿ ಬೇಡ.

ಈಗ ಹದ. ಅಜ್ಜಿ ಒಂದು ಸೌಟು ತಟ್ಟೆಯ ನಡುವೆ ಹುಯ್ದು ಸುಮ್ಮನೆ ನೋಡುತ್ತಾ ನಿಲ್ಲುತ್ತಿದ್ದರು. ರುಚಿ ನೋಡುತ್ತಾರೆಂದು ನಾವು ಕಾದರೆ ಅವರು ಬಾಯಿಗೇ ಹಾಕುತ್ತಿರಲಿಲ್ಲ. ತಟ್ಟೆ ಅಲುಗಾಡಿಸದೆ ಬಾತ್ ತಾನಾಗಿ ಹರಡಿ ಅಂಚಿನತ್ತ ಹೊರಡಬೇಕು. ಗುಡ್ಡೆಯಾಗಿ ಕೂತರೆ ಇನ್ನೊಂದು ಲೋಟ ಕುದಿಯುವ ನೀರು. ಒಲೆಯ ಮೇಲಿದ್ದಾಗ ಅದು ನೋಡಲು ಸಾರನ್ನಕ್ಕಿಂತ ಒಂದಿಷ್ಟೇ ಗಟ್ಟಿ ಇರಬೇಕು. ಹೋಟೆಲಿನ ತಟ್ಟೆಯಲ್ಲಿ ಕಂಡ ಹದವನ್ನು ಒಲೆಯ ಮೇಲೇ ತಂದರೆ ನಿಮ್ಮ ತಟ್ಟೆಗೆ ಬರುವಷ್ಟರಲ್ಲಿ ಅದು ಕಲ್ಲು.

ಯಾಕೆಂದರೆ ಉರಿ ಆರಿಸಿದ ಮೇಲೂ ಅನ್ನ ನೀರು ಕುಡಿಯುವುದನ್ನು ನಿಲ್ಲಿಸುವುದಿಲ್ಲ. ಪುಡಿಯಲ್ಲಿರುವ ಕಡಲೆಬೇಳೆ, ಗಸಗಸೆ, ಕೊಬ್ಬರಿ ಕೂಡ ನಿಧಾನವಾಗಿ ಊದುತ್ತವೆ. ಮೇಲಿಂದ, ಆರುತ್ತಾ ಹೋದಂತೆ ಅಕ್ಕಿಯ ಪಿಷ್ಟ ಬಿಗಿಯಾಗುತ್ತದೆ. ಹೀಗೆ ಮೂರು ಕಡೆಯಿಂದ ಗಟ್ಟಿಯಾಗುವ ಪದಾರ್ಥ ಇದು. ಅದಕ್ಕೇ ಇನ್ನೊಂದು ನಿಯಮ: ಉರಿ ಆರಿಸಿ, ಮುಚ್ಚಿ, ಹದಿನೈದು ನಿಮಿಷ ಬಿಟ್ಟು ತಟ್ಟೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಕೊನೆಯ ಅರ್ಧ ಲೋಟ ನೀರು ಬೇಕೋ ಬೇಡವೋ ಗೊತ್ತಾಗುವುದು ಆಗಲೇ. ಹಾಕಿದರೆ ಒಂದು ಕುದಿ ಬರಿಸಿ, ಉಪ್ಪು ಮತ್ತೆ ನೋಡಿ. ತಣ್ಣೀರು ಮಾತ್ರ ಬೇಡ. ಅದು ಬೆರೆಯದೆ ಅಂಚಿನಲ್ಲಿ ನೀರಾಗಿ ನಿಲ್ಲುತ್ತದೆ.

ಸೀದ ವಾಸನೆ ಬಂದರೆ ಸೌಟು ಬಿಟ್ಟುಬಿಡಿ. ಗಾಬರಿಯಲ್ಲಿ ತಳ ಕೆರೆದರೆ ಇಡೀ ಪಾತ್ರೆಗೆ ಹತ್ತುತ್ತದೆ. ಮೇಲಿನದ್ದನ್ನು ಬೇರೆ ಪಾತ್ರೆಗೆ ತೆಗೆದು, ಬಿಸಿನೀರು ಸೇರಿಸಿ ಮುಂದುವರಿಸಿ.

6. ಒಗ್ಗರಣೆ

ಮಿಕ್ಕ ತುಪ್ಪದ ಅರ್ಧದಲ್ಲಿ ಸಾಸಿವೆ, ಗೋಡಂಬಿ, ಒಂದು ಬ್ಯಾಡಗಿ, ಕರಿಬೇವು, ಇಂಗು. ಇನ್ನರ್ಧ ತುಪ್ಪ ತಟ್ಟೆಯ ಮೇಲೆ. ಖಾರಾ ಬೂಂದಿ ಬಡಿಸುವಾಗ ಹಾಕಿ, ಮೊದಲೇ ಬೆರೆಸಿದರೆ ಅದೂ ನೀರು ಕುಡಿಯುತ್ತದೆ.

7. ಡಬ್ಬಿಗೆ ತುಂಬುವುದು

ಕ್ಯಾಸರೋಲ್‌ಗೆ ಕುದಿಯುವ ನೀರು ತುಂಬಿ ಹತ್ತು ನಿಮಿಷ ಮುಚ್ಚಿಟ್ಟು, ಚೆಲ್ಲಿ, ಒರೆಸದೆ ಬಾತ್ ಹಾಕಿ. ತಣ್ಣನೆಯ ಡಬ್ಬಿಯೇ ಮೊದಲ ಬಿಸಿಯನ್ನು ಕದಿಯುತ್ತದೆ. ಅಂಚಿನವರೆಗೆ ತುಂಬಿ, ಅರ್ಧ ತುಂಬಿದ ಡಬ್ಬಿ ಬೇಗ ಆರುತ್ತದೆ. ಒಳಭಾಗ ಸ್ಟೀಲ್ ಇರುವುದೇ ಒಳ್ಳೆಯದು, ಪ್ಲಾಸ್ಟಿಕ್‌ಗೆ ಅರಿಸಿನ, ಇಂಗು ಒಮ್ಮೆ ಹತ್ತಿದರೆ ಬಿಡುವುದಿಲ್ಲ.

ಡಬ್ಬಿಗೆ ಹೋಗುವ ಬಾತ್ ತಟ್ಟೆಗೆ ಹೋಗುವುದಕ್ಕಿಂತ ಒಂದು ಲೋಟ ನೀರು ಹೆಚ್ಚು ಕುಡಿದಿರಬೇಕು. ಜೊತೆಗೊಂದು ಸಣ್ಣ ಫ್ಲಾಸ್ಕಿನಲ್ಲಿ ಬಿಸಿನೀರು. ರೈಲಿನಲ್ಲಿ ಅಮ್ಮನ ಹತ್ತಿರ ಅಷ್ಟಿದ್ದಿದ್ದರೆ ಅಪ್ಪ ಬರ್ಫಿ ಕತ್ತರಿಸಬೇಕಿರಲಿಲ್ಲ.

"ಹುಣಸೆಹುಳಿ ಇದೆ, ಸಂಜೆವರೆಗೂ ಕೆಡಲ್ಲ" ಅನ್ನುವ ಮಾತನ್ನು ನಂಬಬೇಡಿ. ಅಡುಗೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅನ್ನದಲ್ಲಿ ಬದುಕುಳಿದ ಬ್ಯಾಕ್ಟೀರಿಯಾ ಬೆಳೆಯತೊಡಗುತ್ತದೆ. ಅದು ಬಿಡುವ ಒಂದು ಬಗೆಯ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಮುಚ್ಚಳ ತೆಗೆದಾಗ ಹಬೆಯೇಳದೆ ಬರೀ ಬೆಚ್ಚಗಿದ್ದು, ಎಷ್ಟು ಹೊತ್ತಿನಿಂದ ಹಾಗಿದೆಯೋ ತಿಳಿಯದಿದ್ದರೆ ತಿನ್ನಬೇಡಿ. ಮಿಕ್ಕದ್ದು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ. ಮಾರನೆಯ ದಿನ ಮುಕ್ಕಾಲು ಲೋಟ ಕುದಿಯುವ ನೀರು ಹಾಕಿ, ಗಂಟು ಒಡೆದು, ಕೊತಕೊತ ಕುದಿಸಿ.

ಒಂದೇ ಕುಕ್ಕರ್‌ನಲ್ಲಿ ಮಾಡುವವರಿಗೆ, ಊರು ಬಿಟ್ಟಿರುವವರಿಗೆ

ಎಲ್ಲವನ್ನೂ ಒಟ್ಟಿಗೆ ಕೂಗಿಸಬಹುದು, ನಾನೂ ವಾರದ ದಿನ ಹಾಗೇ ಮಾಡುತ್ತೇನೆ. ಷರತ್ತು ಒಂದೇ: ಹುಳಿ ಮತ್ತು ಪುಡಿ ಕುಕ್ಕರ್‌ನ ಹೊರಗೆ. ನೆನೆಸಿದ ಬೇಳೆ, ಅಕ್ಕಿ, ತರಕಾರಿ, ಆರು ಲೋಟ ನೀರು, ಐದು ಕೂಗು. ಅತ್ತ ಬೇರೆ ಪಾತ್ರೆಯಲ್ಲಿ ಹುಣಸೆರಸ, ಪುಡಿ ಕುದಿಸಿಕೊಂಡು ಆಮೇಲೆ ಕೂಡಿಸಿ, ಹದ ನೋಡಿ. ತರಕಾರಿ ಕರಗಿಹೋಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಇನ್‌ಸ್ಟಂಟ್ ಪಾಟ್ ಎಂಬ ಕರೆಂಟಿನ ಕುಕ್ಕರ್‌ನವರಿಗೆ ಬರುವ "ಬರ್ನ್" (ತಳ ಹತ್ತುತ್ತಿದೆ) ಎಚ್ಚರಿಕೆ ಪುಡಿಯನ್ನು ಮೊದಲೇ ಹಾಕಿ ಅದು ತಳಕ್ಕಿಳಿದಾಗಲೇ ಹೆಚ್ಚು. ಇದೇ ಕ್ರಮದಲ್ಲಿ ಹೋದರೆ ಅದು ತಪ್ಪುತ್ತದೆ.

ದುಬೈ, ಸೌದಿ, ಸಿಂಗಪುರಕ್ಕೆ ಹೋಗುವ ಮಕ್ಕಳಿಗೆ ಪುಡಿ ಕಟ್ಟಿಕೊಡುವ ಅಮ್ಮಂದಿರೇ, ಗಸಗಸೆ ಹಾಕಬೇಡಿ. ಅಲ್ಲಿ ಗಸಗಸೆಗೆ ನಿಷೇಧವೋ ಬಿಗಿ ನಿರ್ಬಂಧವೋ ಇದೆ, ಸಿಕ್ಕಿಬಿದ್ದರೆ ಮಾದಕವಸ್ತುವಿನ ಕೇಸಾಗಬಹುದು. ಅದರ ಬದಲು ಒಂದು ಚಮಚ ಕೊಬ್ಬರಿ ಹೆಚ್ಚು ಹಾಕಿದರೆ ಗಟ್ಟಿತನ ಸಿಗುತ್ತದೆ.

ತಳದ ಪದರ ಬೇಕಾದವರಿಗೆ ಮಾತ್ರ

ಕೊಳದಪ್ಪಲೆಯ ತಳದಲ್ಲಿ ಹೊಂಬಣ್ಣಕ್ಕೆ ಹಿಡಿದ ತೆಳುಪದರಕ್ಕೆ ನಾವು ಐದು ಜನ ಮೊಮ್ಮಕ್ಕಳು ಜಗಳವಾಡುತ್ತಿದ್ದೆವು. ಅದು ಅಜ್ಜಿಯ ಅಜಾಗರೂಕತೆ ಅಂತ ನಾನು ಬಹಳ ವರ್ಷ ತಿಳಿದಿದ್ದೆ. ಬೇಕೆಂದೇ ಮಾಡುತ್ತಿದ್ದರು. ಬೇಕಿದ್ದರೆ ಹೀಗೆ ಮಾಡಿ: ಮನೆಯವರಿಗೆಲ್ಲ ಬಡಿಸಿದ ಮೇಲೆ ಪಾತ್ರೆಯಲ್ಲಿ ಎರಡು ಬೆರಳಷ್ಟು ಉಳಿಸಿ, ಅಂಚಿನ ಸುತ್ತ ಒಂದು ಚಮಚ ತುಪ್ಪ ಬಿಟ್ಟು, ಅತಿ ಸಣ್ಣ ಉರಿಯಲ್ಲಿ ಮಗುಚದೆ ಏಳೆಂಟು ನಿಮಿಷ ಇಡಿ. ಕೊತಕೊತ ಸದ್ದು ನಿಂತು ಚಿರ್ ಅನ್ನುವ ಸದ್ದು ಶುರುವಾದರೆ ಪದರ ಕಟ್ಟಿದೆ. ಹುರಿದ ಕಡಲೆಬೇಳೆಯ ಘಮ ಬಂದಾಗ ಇಳಿಸಿ, ಐದು ನಿಮಿಷ ಬಿಟ್ಟು ಚಪ್ಪಟೆ ಸೌಟಿನಿಂದ ಎಬ್ಬಿಸಿ. ನಾನ್‌ಸ್ಟಿಕ್ ಪಾತ್ರೆಯಲ್ಲಿ ಆ ಪದರ ಸರಿಯಾಗಿ ಬಂದದ್ದನ್ನು ನಾನು ಕಂಡಿಲ್ಲ.